ಅವ್ವನಿಗೆ ತಿಳಿಯದ ಎಚ್ಚರಿಕೆ ಯಾರಿಗಾಗಿ?

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಲ್ಲಿ ದುಡಿಯುತ್ತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ!

ಹಬ್ಬಕ್ಕೆ ಊರಿಗೆ ಬರುವಾಗ ಅವ್ವನಿಗೆಂದು ಮೈಕ್ರೋವೇವ್ ಓವನ್ ತರುತ್ತೀರಿ. ಸಂತೋಷ. ಎರಡು ದಿನ ಇದ್ದು, ಬಟನ್ ತೋರಿಸಿ, ಬಸ್ಸು ಹತ್ತುತ್ತೀರಿ. ಆಮೇಲೆ?

ಮೂಡಲಗಿಯ ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಅವ್ವ ಬದನೆಕಾಯಿ ಪಲ್ಯವನ್ನು ಸ್ಟೀಲ್ ಬೋಗೋಣಿ ಸಮೇತ ಒಳಗಿಟ್ಟು ಬಟನ್ ಒತ್ತಿದಳು. ಚಟಚಟ ಕಿಡಿ! ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಲೋಹ ಇಡಬೇಡಿ ಎಂದು ಕೈಪಿಡಿಯಲ್ಲಿ ಅಚ್ಚಾಗಿತ್ತು. ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು, ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ. ಅವ್ವ ಕನ್ನಡ ಚೆನ್ನಾಗಿ ಓದುತ್ತಾಳೆ. ತಪ್ಪು ಅವಳದೇ?

ಅಚ್ಚಿನ ಮನೆ ಇಟ್ಟು ಹೊಟ್ಟೆ ಹೊರೆಯುವವ ನಾನು. ಒಂದು ಹಾಳೆ ಕನ್ನಡ ಸೇರಿಸಲು ಎಷ್ಟು ಖರ್ಚೆಂದು ನನಗೆ ಗೊತ್ತು. ಸಾವಿರಾರು ರೂಪಾಯಿಯ ಯಂತ್ರಕ್ಕೆ ಅದು ಚಹಾದ ಕಾಸೂ ಅಲ್ಲ. ಕೊರತೆ ಹಣದ್ದಲ್ಲ, ಮನಸ್ಸಿನದು!

ಕಾನೂನೂ ಹಾಗೇ ಇದೆ. ಪೊಟ್ಟಣದ ಮೇಲಿನ ವಿವರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು ಎನ್ನುತ್ತದೆ 2011ರ ಕೇಂದ್ರ ನಿಯಮ. ಕನ್ನಡ ಬೇಕಿದ್ದರೆ ಜೊತೆಗೆ ಸೇರಿಸಬಹುದಂತೆ! ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎಂದು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಅದು ರಾಜ್ಯದಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿಗೆ. ಹೊರಗಿನಿಂದ ಬರುವ ಓವನ್ನಿನ ಬಗ್ಗೆ ಕೇಳುವವರಾರು? ನಾವೇ ಕೇಳಬೇಕು!

ಅಲ್ಲಿಯವರೆಗೆ ಅವ್ವ ಅಪಾಯದಲ್ಲಿ ಇರಬೇಕಿಲ್ಲ. ಇದನ್ನು ಕತ್ತರಿಸಿ ಓವನ್ನಿನ ಪಕ್ಕದ ಗೋಡೆಗೆ ಅಂಟಿಸಿ:

* ಸ್ಟೀಲ್, ಹಿಂಡಾಲಿಯಂ, ಬೆಳ್ಳಿ ಹಾಳೆ, ಚಿನ್ನದ ಅಂಚಿನ ಕಪ್ಪು ಒಳಗಿಡಬೇಡಿ. ಕಿಡಿ ಹಾರುತ್ತದೆ.
* ಸಿಪ್ಪೆ ಸಮೇತ ಮೊಟ್ಟೆ, ಬಿಗಿಯಾಗಿ ಮುಚ್ಚಿದ ಡಬ್ಬಿ ಬೇಡ. ಆವಿ ತುಂಬಿ ಸಿಡಿಯುತ್ತವೆ.
* ನೀರು ಗುಳ್ಳೆ ಏಳದೆಯೇ ಮಿತಿಮೀರಿ ಕಾದಿರಬಹುದು. ಅಲುಗಿಸಿದರೆ ಉಕ್ಕಿ ಮುಖಕ್ಕೆ ಎರಚುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.
* ಕೂಸಿನ ಹಾಲು ಒಂದೆಡೆ ಬಿಸಿ, ಒಂದೆಡೆ ತಣ್ಣಗೆ ಇರುತ್ತದೆ. ಕಲಕಿ, ಕೈಮೇಲೆ ಹನಿಸಿ ನೋಡಿಯೇ ಕುಡಿಸಿ.
* ಖಾಲಿ ಓವನ್ ಚಾಲೂ ಮಾಡಬೇಡಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಬಳಸಲೇಬೇಡಿ.
* ಅರ್ತಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಜೋಡಿಸಿ.
* ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ.
* ಕೆಟ್ಟರೆ ಕವಚ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಇದರಲ್ಲಿ ಕನ್ನಡದಲ್ಲಿ ಹೇಳಲಾಗದ್ದು ಯಾವುದಿದೆ, ಹೇಳಿ!

ಇನ್ನು ಮುಂದೆ ಅಂಗಡಿಗೆ ಹೋದಾಗ "ಕನ್ನಡದ ಕೈಪಿಡಿ ಎಲ್ಲಿ?" ಎಂದು ಮೊದಲು ಕೇಳಿ, ಆಮೇಲೆ ಹಣ ಎಣಿಸಿ. ಕೊಡದಿದ್ದರೆ ಕಂಪನಿಗೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಬೋರ್ಡಿನ ಕನ್ನಡಕ್ಕಾಗಿ ಬೀದಿಗಿಳಿದವರು ನೀವು. ಅವ್ವನ ಅಡುಗೆಮನೆಯ ಕನ್ನಡಕ್ಕೂ ಒಮ್ಮೆ ಬಾಯಿ ಬಿಡಿ!