ಕಟ್ಟಡದ ವ್ಯವಸ್ಥಾಪಕನಿಗೆ ಸಂಬಳ ಎಷ್ಟು, ಇನಾಮು ಯಾವಾಗ?

ಅಂಗಡಿಯ ಗಳಿಕೆಯನ್ನು ನಿವೇಶನಕ್ಕೆ ಹಾಕಿ ಫ್ಲ್ಯಾಟು ಕಟ್ಟಿಸಲು ಹೊರಟ ಮನೆತನದವರು ಸಿಮೆಂಟು, ಕಬ್ಬಿಣದ ದರವನ್ನು ಹತ್ತು ಕಡೆ ವಿಚಾರಿಸುತ್ತಾರೆ. ಅವೆರಡನ್ನೂ ಬಳಸುವ ವ್ಯವಸ್ಥಾಪಕನ ಸಂಬಳವನ್ನು ಮಾತ್ರ ನಿಂತ ಕಾಲಲ್ಲೇ ಮುಗಿಸಿಬಿಡುತ್ತಾರೆ.

ಮುನೀಮನಿಗೆ ತಿಂಗಳ ಸಂಬಳ, ದೀಪಾವಳಿಗೆ ಇನಾಮು. ಅಂಗಡಿಗೆ ಇದು ಸರಿ. ವರ್ಷದ ಲಾಭ-ನಷ್ಟ ಖಾತೆಯಲ್ಲೇ ಕಾಣುತ್ತದೆ. ಕಟ್ಟಡದ ದೋಷ ಕಾಣುವುದು ಮಳೆಗಾಲದಲ್ಲಿ, ಗೋಡೆ ಒದ್ದೆಯಾದಾಗ. ಅಷ್ಟರಲ್ಲಿ ವ್ಯವಸ್ಥಾಪಕ ಬೇರೆ ಊರಿನ ಕೆಲಸದಲ್ಲಿರುತ್ತಾನೆ. 2016ರ ರೇರಾ ಕಾಯ್ದೆಯಂತೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಖರೀದಿದಾರರು ದೋಷ ತೋರಿಸಿದರೆ 30 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸುವ ಹೊಣೆ ಕಟ್ಟಿಸಿದವರದೇ.

ಆದ್ದರಿಂದ ಬರೀ ಅವಸರಕ್ಕೆ ಇನಾಮು ಕಟ್ಟಬೇಡಿ. ಭಾರತೀಯ ಮಾನಕ 456ರಂತೆ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತಿದ್ದರೆ 10 ದಿನ ಕ್ಯೂರಿಂಗ್ ಬೇಕು. ನಾಲ್ಕೂವರೆ ಮೀಟರಿಗಿಂತ ಉದ್ದದ ಸ್ಲ್ಯಾಬಿನ ಆಧಾರಗಳನ್ನು 14 ದಿನ ಅಲುಗಿಸಬಾರದು. ಅವಸರಕ್ಕೆ ಹಣ ಕೊಟ್ಟರೆ ಮೊದಲು ಕಡಿಮೆಯಾಗುವುದು ಈ ದಿನಗಳೇ. ಖರೀದಿಯ ಉಳಿತಾಯದಲ್ಲಿ ಪಾಲು ಕೊಟ್ಟರೆ ಕಳಪೆ ಮಾಲು ಬರುತ್ತದೆ. ಸಂಬಳವನ್ನೇ ಬಿಗಿಹಿಡಿದರೆ ಉಳಿದದ್ದನ್ನು ಸರಕಿನವರ ದಸ್ತೂರಿ ತುಂಬುತ್ತದೆ!

ಹಾಗಾದರೆ ದಾರಿ ಯಾವುದು? ಒಂದು ಲೆಕ್ಕ ನೋಡಿ. ಕೆಲಸ 18 ತಿಂಗಳದ್ದು, ಸಂಬಳ ತಿಂಗಳಿಗೆ 60,000 ರೂಪಾಯಿ ಎಂದುಕೊಳ್ಳೋಣ, ಒಟ್ಟು 10,80,000. ಇದು ಆತನ ಸಂಸಾರದ ಹಣ. ಫ್ಲ್ಯಾಟು ಮಾರಲಿ, ಮಾರದಿರಲಿ, ತಪ್ಪದೆ ಕೊಡಬೇಕು. ಇದರ ಮೇಲೆ 3,00,000 ಇನಾಮು ಇಟ್ಟು ಮೂರು ಪಾಲು ಮಾಡಿ.

ಮೊದಲನೆಯ ಲಕ್ಷವನ್ನು ಸ್ಲ್ಯಾಬುಗಳಿಗೆ ಹಂಚಿ. ಒಪ್ಪಿದ ವೇಳೆಗೆ ಮುಗಿದು, ಕ್ಯೂರಿಂಗಿನ ದಿನಚರಿ ಸರಿಯಿದ್ದು, 28ನೆಯ ದಿನದ ಕ್ಯೂಬ್ ಪರೀಕ್ಷೆ ಪಾಸಾದರೆ ಆ ಸ್ಲ್ಯಾಬಿನ ಪಾಲು ಆತನದು. ಎರಡನೆಯದನ್ನು ಪೂರ್ಣತಾ ಪತ್ರ ಬಂದು ಬೀಗದ ಕೈ ಕೊಟ್ಟ ಮೇಲೆ ಕೊಡಿ. ಮೂರನೆಯದನ್ನು ಬ್ಯಾಂಕಿನಲ್ಲಿ ಠೇವಣಿ ಇಡಿ. ಎರಡು ಮಳೆಗಾಲ ಸೋರದೆ ಕಳೆದರೆ ಬಡ್ಡಿಸಹಿತ ಆತನಿಗೆ ಸೇರಲಿ. ಬೇರೆ ಕಡೆ ಕೆಲಸದಲ್ಲಿದ್ದರೂ ಸರಿ.

ಮಾಲಿನ ದರ ಮಾತಾಡುವುದು ಮನೆಯವರ ಕೈಯಲ್ಲೇ ಇರಲಿ. ಬಂದ ಮಾಲು ವ್ಯರ್ಥವಾಗದಂತೆ ನೋಡುವುದು ಆತನ ಕೆಲಸ. ನಮ್ಮ ಹಣ ತಡವಾಗಿ, ಇಲ್ಲವೆ ನಕ್ಷೆ ಬದಲಾಗಿ ಕೆಲಸ ನಿಂತರೆ ಆ ದಿನಗಳನ್ನು ಆತನ ಲೆಕ್ಕಕ್ಕೆ ಹಚ್ಚಬಾರದು.

ಕೆಲಸಕ್ಕೆ ಸೇರುವ ದಿನವೇ ಇವನ್ನೆಲ್ಲ ಬರೆದು, ಇಬ್ಬರೂ ಸಹಿ ಮಾಡಿ, ಒಂದು ಪ್ರತಿಯನ್ನು ಆತನ ಕೈಗೆ ಕೊಡಿ. ಬಾಯಿಮಾತಿನ ಇನಾಮು ಕೊನೆಗೆ ಜಗಳಕ್ಕೇ ಮೂಲ.