ರೋಮೋ, ಬಾರ್ಸಿಲೋನಾನೋ? ನೀವೂ ಹೇಳಿ!

ಕಮರ್ಷಿಯಲ್ ಸ್ಟ್ರೀಟಿಗೆ ಸೂಟ್‌ಕೇಸ್ ಕೊಳ್ಳಲು ಹೊರಡುವ ಮೊದಲು ಊರು ಯಾವುದೆಂದು ತೀರ್ಮಾನಿಸಿ. 'ಒಂದೇ ಷೆಂಗೆನ್ ವೀಸಾ ಸಾಕಲ್ಲ, ಎರಡೂ ನೋಡಿಬಿಡೋಣ' ಅಂತ ಯಜಮಾನರು ಅನ್ನಬಹುದು. ಇರೋದು ಒಂದೇ ವಾರ ಅಂದ್ರೆ ಒಪ್ಪಬೇಡಿ. ಊರೂರಲ್ಲೂ ಬ್ಯಾಗ್ ಬಿಚ್ಚಿ ಕಟ್ಟುವವರು ನೀವೇ ತಾನೆ?

ಪುಟ್ಟ ಮಕ್ಕಳಿದ್ದರೆ ಬಾರ್ಸಿಲೋನಾ ವಾಸಿ. ಸಮುದ್ರ ತೀರ ಊರಲ್ಲೇ ಇದೆ. 1882ರಲ್ಲಿ ಕಟ್ಟಲು ಶುರುಮಾಡಿದ ಸಗ್ರಾದಾ ಫಮಿಲಿಯಾ ಚರ್ಚೂ ಇದೆ. ಇತಿಹಾಸ ಇಷ್ಟವಾದರೆ ರೋಮ್. ಅಲ್ಲಿನ ಕೊಲೋಸಿಯಂಗೆ 1900 ವರ್ಷಕ್ಕೂ ಹೆಚ್ಚು ವಯಸ್ಸು. ಪಕ್ಕದ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿಗೆ ಭುಜ, ಮೊಣಕಾಲು ಮುಚ್ಚಿರಬೇಕು. ನಮ್ಮ ಕಾಟನ್ ಚೂಡಿದಾರ್ ಸಾಕು. ಕಲ್ಲುಹಾಸಿನ ಬೀದಿಗಳಿಗೆ ಹೀಲ್ಸ್ ಮಾತ್ರ ಬೇಡ.

ಎಲ್ಲರ ಇಷ್ಟ ಕೇಳಿದ ಮೇಲೆ ನಿಮ್ಮಿಷ್ಟವನ್ನೂ ಬಾಯಿಬಿಟ್ಟು ಹೇಳಿ. ರಜೆ ನಿಮಗೂ ಬೇಕಲ್ವೇ?