ರಾಬಿನ್ ಬಂತು, ಕೆಟಲಾಗೂ ಬಂತು!

ಅಮೆರಿಕದ ಓಹಿಯೋದಲ್ಲಿ ವಸಂತ ಬಂತೂಂತ ತಿಳಿಯೋದು ಹೇಗೆ ಗೊತ್ತೆ? ಹಿಮ ಕರಗಿ ಕ್ರೋಕಸ್ ಹೂ ತಲೆ ಎತ್ತುತ್ತೆ, ರಾಬಿನ್ ಹಕ್ಕಿ ಹುಲ್ಲಲ್ಲಿ ಎರೆಹುಳು ಹುಡುಕುತ್ತೆ, ಅಂಚೆಪೆಟ್ಟಿಗೇಲಿ ಮನೆಪಾಠದ ಹೊಸ ಕೆಟಲಾಗು ಬೀಳುತ್ತೆ! ಮಗೂಗೆ ಮನೇಲೇ ಪಾಠ ಹೇಳೋದು ಅಲ್ಲಿ ಹೊಸದಲ್ಲ ಸ್ವಾಮಿ. ಬಾಲ್ಟಿಮೋರಿನ ಕ್ಯಾಲ್ವರ್ಟ್ ಶಾಲೆ 1906ರಲ್ಲೇ ಅಂಚೆಯಲ್ಲಿ ಪಾಠ ಕಳಿಸಿತ್ತು. 1977ರಲ್ಲಿ ಜಾನ್ ಹೋಲ್ಟ್ ಇದಕ್ಕೆಂದೇ ಪತ್ರಿಕೆ ತೆಗೆದರು.

ಅಲ್ಲಿರೋ ನಮ್ಮಕ್ಕನ ಮಗಳು ಕೆಟಲಾಗು ಪೂರ್ತಿ ತಿರುವಿಹಾಕಿದಳು. ಲ್ಯಾಟಿನ್ ಇದೆ, ಗ್ರೀಕ್ ಇದೆ. ಕನ್ನಡ? ಊಹೂಂ. (ಲ್ಯಾಟಿನ್ ಮಾತಾಡೋರು ಯಾರಪ್ಪ ಅಲ್ಲಿ!) ಅದಕ್ಕೇ ಭಾನುವಾರ ಮಗನ್ನ ಕೂರಿಸಿ 1972ರ ‘ಬಂಗಾರದ ಮನುಷ್ಯ’ ಹಾಕ್ತಾಳೆ. ಹುಡುಗನ ಮಾತು ಈಗ ಥೇಟ್ ರಾಜಣ್ಣನ ಧಾಟಿ! ಬರೆಯೋಕೆ ಮಾತ್ರ ‘ಅ’ ಕೂಡ ಬರಲ್ಲ. ಕಾಗುಣಿತದ ಪುಸ್ತಕ ಈ ವಾರ ರವಾನಿಸ್ತಿದ್ದೀನಿ.